ಮೌನಿಯ ಗುದ್ದು

ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಮುದುಕರು ಸೇರಿದರೆಂದರೆ ಒಂದೇ ಜಗಳ: ತಮ್ಮ ಕಾಲದ ಹೆವಿವೇಟ್ ಬಾಕ್ಸರುಗಳಲ್ಲಿ ಯಾರ ಗುದ್ದು ಜೋರು? ಗೂಳಿ ಅಂತ ಹೆಸರಾದವನದೋ, ಸುತ್ತಿಗೆ ಅಂತ ಹೆಸರಾದವನದೋ? ನಲವತ್ತು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಆಗಿಬಿಟ್ಟಿದ್ದರೆ ಪಾಪ, ಅವರಿಗೆ ಹೊತ್ತು ಹೋಗುವುದಾದರೂ ಹೇಗೆ?

ಅಂಗಡಿಯ ಹರಿದ ಬಟ್ಟೆಗಳನ್ನು ಹೊಲಿದು ತರುವ ನೆಪದಲ್ಲಿ ದರ್ಜಿಯಮ್ಮ ಅಲ್ಲಿಗೆ ಬರುತ್ತಿದ್ದಳು. ಅವಳ ಗಂಡನೂ ಆ ಇಬ್ಬರ ಜೊತೆಗೇ ಆಡಿದವನು. ಮಾತು ಕಡಿಮೆ, ಹಾಗಾಗಿ ಎಲ್ಲರಿಗೂ ಅವನು ಮೌನಿ. ತೀರಿಹೋಗಿ ಆರು ವರ್ಷ. ಈ ಗಂಡಸರ ಬಾಯಲ್ಲಿ ಅವನ ಸುದ್ದಿ ಅಪ್ಪಿತಪ್ಪಿಯೂ ಬರುತ್ತಿರಲಿಲ್ಲ. ಮೊದಲನೆಯವನು ಅನ್ನುವುದು ಬೇಡ, ಮೂರನೆಯವನು ಅಂದರೂ ಅವಳಿಗೆ ಸಾಕಿತ್ತು.

ಅವತ್ತು ಬೆಂಚಿನ ಮೇಲೆ ಚೀಲ ಅನ್ನುವ ಅಡ್ಡಹೆಸರಿನ ಮುದುಕ ಬಂದು ಕೂತಿದ್ದ. ಅಭ್ಯಾಸದ ಹೊತ್ತಿನಲ್ಲಿ ಮೂವರ ಎದುರೂ ನಿಂತು, ಗುದ್ದುವ ಚೀಲದ ಹಾಗೆ ಏಟು ತಿಂದವನು; ಆ ಹೆಸರು ಬಂದದ್ದೂ ಅದಕ್ಕೇ. ಇವನಿಗಿಂತ ಒಳ್ಳೆಯ ಸಾಕ್ಷಿ ಇನ್ನೆಲ್ಲಿ ಸಿಗಬೇಕು?

"ಗೂಳಿ ಪಕ್ಕೆಗೆ ಕೊಟ್ರೆ ಮೂರು ದಿನ ಮಗ್ಗುಲು ಬದಲಾಯಿಸೋಕೆ ಆಗ್ತಿರಲಿಲ್ಲ," ಅಂದ ಚೀಲ. "ಸುತ್ತಿಗೆ ಕೊಟ್ರೆ ನೋವೇ ಇಲ್ಲ. ಎಚ್ಚರ ಇದ್ರೆ ತಾನೇ ನೋವು."

ಎಲ್ಲರೂ ನಕ್ಕರು. ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ನಮ್ಮನೆಯವರದ್ದು ಹೇಗಿತ್ತಣ್ಣ?"

"ನಂಗೊತ್ತಿಲ್ಲಮ್ಮ," ಅಂದ ಚೀಲ. ಅವಳ ಮುಖ ಸಪ್ಪಗಾದದ್ದು ಕಂಡು ಮುಂದುವರಿಸಿದ. "ಅವನು ನಂಗೆ ಒಂದು ದಿನಾನೂ ಜೋರಾಗಿ ಕೈ ಬೀಸಿ ಹೊಡೀಲಿಲ್ಲ. ಕೋಚ್ ಬೈದು ಬೈದು ಸುಸ್ತಾದ್ರು. ಆ ಇಬ್ಬರು ಇವನ್ನ ಹಣ್ಣುಗಾಯಿ ನೀರುಗಾಯಿ ಮಾಡಿರ್ತಾರೆ, ಇವನ ಮನೇಲಿ ಹಸುಗೂಸು ಬೇರೆ, ನನ್ನ ಏಟೂ ಯಾಕೆ ಅಂತಿದ್ದ. ಕೈ ತಡೆದೂ ತಡೆದೂ ಅದೇ ರೂಢಿ ಆಗೋಯ್ತು. ಫೈನಲ್‌ನಲ್ಲೂ ಕೈ ಪೂರ್ತಿ ಹೋಗಲೇ ಇಲ್ಲ."

ಕ್ಷೌರಿಕ ಕತ್ತರಿ ಕೆಳಗಿಟ್ಟ.

ದರ್ಜಿಯಮ್ಮ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು, ಕಾಲು ಆಡಲಿಲ್ಲ. ಫೈನಲ್ ಸೋತು ಬಂದವನ ಊದಿದ ಮುಖಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತಾ ಅವಳೇ ಅಂದಿದ್ದಳು, "ನೋಡೋಕೆ ಆಳು ಅಷ್ಟೆತ್ತರ, ಕೈಯಲ್ಲಿ ಕಸುವೇ ಇಲ್ವಲ್ಲ." ಆಮೇಲೆ ಸಿಟ್ಟು ಬಂದಾಗ, ತಮಾಷೆಗೆ, ಡಬ್ಬಿಯ ಮುಚ್ಚಳ ಬಿಗಿಯಾದಾಗ ಕೂಡ ಅದೇ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಒಂದು ಸಲವೂ ಎದುರಾಡಲಿಲ್ಲ. ನಕ್ಕು ಮುಚ್ಚಳ ತೆಗೆದುಕೊಡುತ್ತಿದ್ದ.

ಒಂದೇ ಒಂದು ಸಲ ಎದುರಿಗೆ ಕೂರಿಸಿಕೊಂಡು, ತಪ್ಪಾಯ್ತು ರೀ ಅನ್ನಬೇಕಿತ್ತು. ಅದಕ್ಕೆ ಅವನು ಇರಬೇಕಿತ್ತು.