ಗುರುತಿಲ್ಲದ ಗಿರಾಕಿ

ಈರೇಶ ಸುರುಳಿ ಸುತ್ತಿ ತಂದಿದ್ದ ದೊಡ್ಡ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಮಡಚಿಕೊಳ್ಳದ ಹಾಗೆ ಒಂದು ತುದಿಗೆ ಅಂಬ್ರೀನಳ ಟಿಫಿನ್ ಡಬ್ಬಿಯನ್ನೂ ಇನ್ನೊಂದಕ್ಕೆ ಸ್ಟೇಪ್ಲರನ್ನೂ ಹೇರಿದ. ಕುಡಿದ ಜೇಡ ನೇಯ್ದಂತಿದ್ದ ಒಂದು ಬಲೆ. ನಡುವೆ ಒಂದು ದಪ್ಪ ಚುಕ್ಕೆ.

"ಈ ಚುಕ್ಕಿ ನೀವೇ ರೀ ಮೇಡಂ," ಎಂದ.

ಈರೇಶ ಲಿಂಗಸೂಗೂರಿನವನು. ಕಗ್ಗದಾಸಪುರದಲ್ಲಿ ಊರ ಕಡೆಯ ಹುಡುಗರ ಜೊತೆ ಒಂದು ರೂಮು ಹಿಡಿದುಕೊಂಡು ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಆಹಾರದಿಂದ ಹರಡುವ ರೋಗಾಣುಗಳ ಬಗ್ಗೆ ಇಷ್ಟು ವರ್ಷಗಳಲ್ಲಿ ಯಾರು ಯಾರು ಬರೆದರು, ಯಾರ ಜೊತೆ ಸೇರಿ ಬರೆದರು, ಯಾರನ್ನು ಯಾರು ಉಲ್ಲೇಖಿಸಿದರು ಎಂಬುದು ಅವನ ವಿಷಯ. ರೋಗಾಣುಗಳ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಒಂದು ಪ್ರಬಂಧವೆಂದರೆ ಒಂದು ಚುಕ್ಕೆ, ಒಂದು ಉಲ್ಲೇಖವೆಂದರೆ ಒಂದು ಗೆರೆ. ಹೆಚ್ಚು ಗೆರೆಗಳು ಬಂದು ಸೇರಿದ ಚುಕ್ಕೆಗಳ ಲೇಖಕರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಅವನ ಕೊನೆಯ ಅಧ್ಯಾಯ. ಹಾಗೆ ಹುಡುಕಿಕೊಂಡೇ ಅಂಬ್ರೀನ್ ಪಾಠ ಮಾಡುವ ಹಲಸೂರಿನ ಈ ಕಾಲೇಜಿಗೆ, ಸೂಕ್ಷ್ಮಜೀವಿಶಾಸ್ತ್ರದ ಈ ಸಣ್ಣ ಸ್ಟಾಫ್ ರೂಮಿಗೆ ಬಂದಿದ್ದ.

ಅಂಬ್ರೀನ್ ಬದುಕಿನಲ್ಲಿ ನಾಲ್ಕು ಜನ ಓದಿದ ಪ್ರಬಂಧ ಬರೆದದ್ದು ಆ ದಪ್ಪ ಚುಕ್ಕೆಯದೊಂದೇ. ಎರಡು ಸಾವಿರದ ಒಂದರ ರಂಜಾನಿನಲ್ಲಿ, ತಾನಿನ್ನೂ ವಿದ್ಯಾರ್ಥಿನಿಯಾಗಿದ್ದಾಗ, ಪುಲಿಕೇಶಿನಗರದ ತನ್ನ ಮನೆಯ ಓಣಿಯಲ್ಲಿ ಸಂಜೆ ಹಾಕುವ ತಿಂಡಿ ಅಂಗಡಿಗಳಿಂದ ಸಮೋಸ, ಕಬಾಬು, ಚಟ್ನಿ ಕೊಂಡು ಲ್ಯಾಬಿನಲ್ಲಿ ಪರೀಕ್ಷಿಸಿದ್ದಳು. ಎಲ್ಲರೂ ತಟ್ಟೆ ತುಂಬ ರೋಗಾಣು ಬೆಳೆಯುತ್ತದೆಂದು ಕಾದಿದ್ದರು. ಏನೂ ಬೆಳೆಯಲಿಲ್ಲ. ಬಿಸಿ ಎಣ್ಣೆ, ಕೈಬಿಡುವಿಲ್ಲದ ವ್ಯಾಪಾರ, ಅದಕ್ಕೇ ಬೀದಿಯ ತಿಂಡಿ ಇಷ್ಟು ಶುದ್ಧ ಎಂದು ಅವಳೂ ಅವಳ ಗೈಡ್ ಮುನಿನಾರಾಯಣಪ್ಪನವರೂ ಬರೆದರು. ಅಚ್ಚರಿಯ ಮಾತಾದ್ದರಿಂದ ಎಲ್ಲೆಲ್ಲೋ ಇರುವ ಜನ ಅದನ್ನು ಎತ್ತಿ ಎತ್ತಿ ಹೇಳಿದರು. ಒಂದು ಇಂಗ್ಲಿಷ್ ಪತ್ರಿಕೆ ಸುದ್ದಿ ಮಾಡಿತು. ಓಣಿಯವರು ಆ ಸುದ್ದಿಯ ಜೆರಾಕ್ಸ್ ಮಾಡಿಸಿ ಅಂಗಡಿಗೊಂದು ಅಂಟಿಸಿಕೊಂಡರು.

"ಸ್ಯಾಂಪಲ್ ಯಾರು ತಂದ್ರು ರೀ?" ಈರೇಶ ಪೆನ್ನು ತೆಗೆದ.

"ನಾನೇ. ಅದರಲ್ಲೇ ಬರೆದಿದೆಯಲ್ಲ. ಮೊದಲ ಲೇಖಕಿ ಸಾಮಾನ್ಯ ಗಿರಾಕಿಯಂತೆ ಹೋಗಿ ಕೊಂಡು ತಂದಳು ಅಂತ."

"ಸಾಮಾನ್ಯ ಗಿರಾಕಿ ಅಂತ ಯಾಕ ಬರದ್ರಿ?"

"ಲ್ಯಾಬಿಗೆ ಅಂತ ಹೇಳಿದ್ರೆ ನೋಡಿ ನೋಡಿ ಒಳ್ಳೇದೇ ಕೊಡ್ತಾರೆ. ಅದಕ್ಕೆ ಯಾರಿಗೂ ಹೇಳಲಿಲ್ಲ."

ಈರೇಶ ಅದನ್ನು ಬರೆದುಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ಮತ್ತೆ ರಂಜಾನ್ ತಿಂಗಳು, ಸಂಜೆಯಾಗುತ್ತಿತ್ತು, ಅವನು ಇಷ್ಟು ದೂರ ಬಂದಿದ್ದ. ಓಣಿಯನ್ನೇ ತೋರಿಸುತ್ತೇನೆ ಬನ್ನಿ ಎಂದು ಅಂಬ್ರೀನ್ ಆಟೋ ಹತ್ತಿಸಿದಳು.

ಓಣಿಯ ಬಾಯಲ್ಲಿ ಯಾರೋ ಚಿಕ್ಕಮ್ಮನ ಮಗಳು ಅವಳ ಕೈ ಹಿಡಿದು ನಿಲ್ಲಿಸಿಕೊಂಡಳು. ಅಷ್ಟರಲ್ಲಿ ಈರೇಶ ಮುಂದೆ ಹೋಗಿ, ಓಣಿಯ ಹಳೆಯ ಸಮೋಸದವ ಅಜ್ಮತ್ ಚಾಚಾನ ಗಾಡಿಯ ಮುಂದೆ ನೂಕುನುಗ್ಗಲಲ್ಲಿ ಕೈಚಾಚಿ, ಎರಡು ಈರುಳ್ಳಿ ಸಮೋಸ ಕೊಂಡುಬಿಟ್ಟಿದ್ದ. ತಿನ್ನದೆ ಕಾಗದದ ತಟ್ಟೆ ಹಿಡಿದು ನಿಂತಿದ್ದ.

"ತಿನ್ನಿ, ಆರೋಗತ್ತೆ," ಎನ್ನುತ್ತ ಅಂಬ್ರೀನ್ ಬಂದು ಸೇರಿದಳು.

"ಅಜಾನ್ ಆಗ್ಲಿ ಬಿಡ್ರಿ. ಇಷ್ಟ್ ಮಂದಿ ಉಪವಾಸ ಇರೂ ಮುಂದ ನಾ ಒಬ್ಬನ ಹೆಂಗ ಜಗೀಲಿ?"

ಅಜ್ಮತ್ ಅವಳನ್ನು ಆಗ ನೋಡಿದ. "ಅರೆ ಬೇಟಾ, ನಿಲ್ಲು," ಎಂದು ಮನೆಮಾತಿನಲ್ಲಿ ಹೇಳಿ, ಮುಂದಿದ್ದ ಸಮೋಸದ ಗುಡ್ಡೆಯನ್ನು ಮೊಣಕೈಯಿಂದ ಅತ್ತ ಸರಿಸಿದ. ಹಸಿಯವನ್ನು ಎಣ್ಣೆಗೆ ಬಿಟ್ಟ. ಹೊಂಬಣ್ಣ ಬರುವವರೆಗೆ ಬೇರೆ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಗಾಡಿಯ ಮೇಲಿನ ಬೋಗುಣಿಯ ಚಟ್ನಿಯನ್ನು ಬಿಟ್ಟು, ಕೆಳಗೆ ಬಗ್ಗಿ ಮನೆಯಿಂದ ತಂದಿದ್ದ ಮುಚ್ಚಳದ ಡಬ್ಬಿಯಿಂದ ಎರಡು ಚಮಚ ಬಡಿಸಿ ಪೊಟ್ಟಣ ಕಟ್ಟಿದ. ಅವಳು ಮೂರಡಿ ಎತ್ತರ ಇದ್ದಾಗಿನಿಂದ ಅವನು ಮಾಡುತ್ತಿದ್ದದ್ದು ಹೀಗೇ. ಕಣ್ಣಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದೊಂದು ಕೆಲಸವೆಂದು ಅವಳಿಗೆ ಕಂಡೇ ಇರಲಿಲ್ಲ.

"ನಿಮ್ದು ಹೊಗಿ ಆಡ್ಲಿಕ್ಕತ್ತೈತಲ್ರಿ," ಈರೇಶ ತನ್ನ ತಟ್ಟೆ ನೋಡಿಕೊಂಡ. ಅವನ ಸಮೋಸದ ಅಂಚಿನಲ್ಲಿ ಡಾಲ್ಡಾ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ನಾನು ಇಲ್ಲೇ ಹುಟ್ಟಿದವಳು, ನನಗೆ..." ಎಂದು ಶುರು ಮಾಡಿದ ಅಂಬ್ರೀನ್ ವಾಕ್ಯ ಮುಗಿಸಲಿಲ್ಲ.

ಅಜಾನ್ ಆಯಿತು. ಸುತ್ತ ಎಲ್ಲರ ಬಾಯಿಗೆ ಖರ್ಜೂರ ಹೋಯಿತು. ಅವಳು ಒಂದು ಕೈಯಲ್ಲಿ ತನ್ನ ಪೊಟ್ಟಣ, ಇನ್ನೊಂದರಲ್ಲಿ ಈರೇಶನ ತಟ್ಟೆ ಹಿಡಿದು ನಿಂತೇ ಇದ್ದಳು. ಅವನು ತಿನ್ನುವ ಮೊದಲೇ ಅದನ್ನು ಕಿತ್ತುಕೊಂಡಿದ್ದಳು.

ಆ ತಿಂಗಳು ಉಳಿದಷ್ಟು ದಿನ ಈರೇಶನೂ ಅವನ ರೂಮಿನ ದತ್ತುವೂ ಓಣಿಗೆ ಬಂದು ಕೊಂಡರು. ಯಾರ ಮನೆಯ ಮಗನೂ ಅಲ್ಲದ, ಯಾರಿಗೂ ಗುರುತಿಲ್ಲದ ಇಬ್ಬರು. ಅವರ ಪೊಟ್ಟಣಗಳು ನೇರ ಲ್ಯಾಬಿಗೆ ಹೋದವು. ಒಂದೆರಡು ದಿನಕ್ಕೆ ಗಾಜಿನ ತಟ್ಟೆಗಳಲ್ಲಿ ಕಪ್ಪು ಚುಕ್ಕೆಗಳು ಎದ್ದವು, ಸುತ್ತ ತಿಳಿಯಾದ ವರ್ತುಲ. ವಾಂತಿ ತರಿಸುವ ಸ್ಟೆಫಿಲೋಕಾಕಸ್. ಚಟ್ನಿಯಲ್ಲಿ ಅದಕ್ಕಿಂತ ಕೆಟ್ಟದ್ದೂ ಇತ್ತು. ಎಲ್ಲ ಅಂಗಡಿಯಲ್ಲಲ್ಲ, ಎಲ್ಲ ದಿನವಲ್ಲ. ಆದರೆ ಹಳೆಯ ಪ್ರಬಂಧದ ಆ ಚೊಕ್ಕ ಸೊನ್ನೆಯನ್ನು ಉರುಳಿಸಲು ಅಷ್ಟು ಧಾರಾಳವಾಯಿತು.

ಮುನಿನಾರಾಯಣಪ್ಪನವರು ಆಗ ನಿವೃತ್ತರಾಗಿ ಕೆ.ಆರ್. ಪುರದ ಮನೆಯಲ್ಲಿದ್ದರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಬನಿಯನ್ನಿನಿಂದ ಒರೆಸಿದರು.

"ಇದನ್ನೇ ಹೊಸ ಪೇಪರ್ ಮಾಡಮ್ಮ. ಹಳೇದು ಹಳೇದರ ಪಾಡಿಗೆ ಇರಲಿ. ವಿಜ್ಞಾನ ಅದರಷ್ಟಕ್ಕೆ ಅದೇ ತಿದ್ಕೊಳ್ಳತ್ತೆ."

"ತಿದ್ಕೊಳ್ಳಲ್ಲ ಸಾರ್. ಈರೇಶ್ ಲೆಕ್ಕ ಹಾಕಿ ತೋರಿಸಿದ. ಜನ ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಉಲ್ಲೇಖಿಸ್ತಾರೆ. ಓದೋದೇ ಇಲ್ಲ. ನಮ್ಮ ಪುಟದ ನಂಬರನ್ನೇ ಒಬ್ಬರು ತಪ್ಪು ಬರೆದ್ರೆ ಅದೇ ತಪ್ಪು ಏಳೆಂಟು ಕಡೆ ಬಂದಿದೆ. ಜರ್ನಲ್‌ನವರು ಹಳೇದರ ಮೇಲೇನೇ ತಿದ್ದುಪಡಿ ಅಂತ ಹಾಕಿದ್ರೆ ಮಾತ್ರ ಕಾಣತ್ತೆ."

"ಹಾಕ್ಸು ಹಾಗಾದ್ರೆ. ಮೊದಲನೇ ಹೆಸರು ನಿಂದೇ ಅಲ್ವಾ." ಕನ್ನಡಕ ಹಾಕಿಕೊಂಡು, ನಗುತ್ತ, "ಅವತ್ತು ಮೊದಲನೇ ಹೆಸರು ನಂದಿರಲಿ ಅಂತ ನನಗೂ ಆಸೆ ಇತ್ತು ಕಣಮ್ಮ. ನೀನು ಬಿಡಲಿಲ್ಲ," ಎಂದರು. ತಿದ್ದುಪಡಿಯ ಕೋರಿಕೆಯ ಮೇಲೆ ಎರಡನೆಯ ಹೆಸರಿನ ಮುಂದೆ ಸಹಿ ಹಾಕಿ ಕೊಟ್ಟರು.

ಜರ್ನಲ್‌ಗೆ ಕಳಿಸಿದ ಪತ್ರದಲ್ಲಿ ಅವಳು ನಡೆದದ್ದನ್ನು ಬರೆದಳು. ಹೊಸ ಅಂಕಿಗಳನ್ನು ಕೊಟ್ಟಳು. ಹಳೆಯದು ಯಾಕೆ ತಪ್ಪಾಯಿತೆಂದು ಒಂದೇ ವಾಕ್ಯ: ಮಾದರಿ ಸಂಗ್ರಹಿಸಿದವಳು ವ್ಯಾಪಾರಿಗಳಿಗೆ ಪರಿಚಿತಳಾಗಿದ್ದರಿಂದ ಅವರು ಅವಳಿಗೆ ಆಗ ತಾನೇ ಕರಿದದ್ದನ್ನು ಕೊಟ್ಟರು.

ಎರಡು ತಿಂಗಳಿಗೆ ಸಂಪಾದಕರ ಉತ್ತರ ಬಂತು. ಬಹಳ ಸಭ್ಯವಾಗಿತ್ತು. ಆ ವಾಕ್ಯಕ್ಕೆ ಆಧಾರ ಕೊಡಬೇಕು ಎಂದು ಕೇಳಿದ್ದರು. ವ್ಯಾಪಾರಿಗಳು ಪರಿಚಿತರಿಗೆ ಬೇರೆ ಕೊಡುತ್ತಾರೆಂದು ಹಿಂದೆ ಯಾರಾದರೂ ತೋರಿಸಿದ್ದರೆ ಉಲ್ಲೇಖಿಸಿ. ಇಲ್ಲವಾದರೆ ಸಂಬಂಧಪಟ್ಟ ವ್ಯಕ್ತಿಯೇ ಹೇಳಿದ್ದೆಂದು, ಅವರ ಹೆಸರು ಮತ್ತು ಸಹಿಯ ಒಪ್ಪಿಗೆಯೊಂದಿಗೆ ಕೊಡಿ. ಎರಡೂ ಆಗದಿದ್ದರೆ ಆ ವಾಕ್ಯ ತೆಗೆಯಿರಿ.

ಈರೇಶ ಮೂರು ದಿನ ಹುಡುಕಿದ. "ಜಗತ್ತಿನೊಳಗ ಯಾರೂ ಬರದಿಲ್ರಿ ಮೇಡಂ. ನಮ್ಮೂರಾಗ ಎಮ್ಮಿಗೂ ಗೊತ್ತಿರೋ ಮಾತು, ಒಂದ ಒಂದು ಪೇಪರ್ ಇಲ್ಲ."

"ಆ ವಾಕ್ಯ ತೆಗೆದ್ರೆ?"

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ತಗದ್ರ, ಆವಾಗ ಸೊನ್ನಿ ಇತ್ತು, ಈಗಿಲ್ಲ ಅಂತಷ್ಟ ಉಳೀತದ. ಓದಿದವ್ರು... ಅಂಕಿ ಮನ್ಯಾಗ ಕುಂತು ಬರದಾಳ ಅಂತಾರ್ರಿ. ತಪ್ಪು ತಿಳಕೋಬ್ಯಾಡ್ರಿ."

ಅವಳು ತಪ್ಪು ತಿಳಿಯಲಿಲ್ಲ. ಅದನ್ನೇ ಅವಳೂ ರಾತ್ರಿಯಿಡೀ ಯೋಚಿಸಿದ್ದಳು. ತಾನು ಸುಳ್ಳುಗಾರ್ತಿಯಲ್ಲ ಎಂದು ಹೇಳಬಲ್ಲವನು ಇಡೀ ಲೋಕದಲ್ಲಿ ಅಜ್ಮತ್ ಚಾಚಾ ಒಬ್ಬ. ಅವನು ಹಾಗೆ ಹೇಳಬೇಕೆಂದರೆ ತನ್ನ ಅಂಗಡಿಯಲ್ಲಿ ಎರಡು ಬಗೆಯ ಸಮೋಸ ಇದೆಯೆಂದು ಹೆಸರು ಬರೆದು ಒಪ್ಪಬೇಕು.

ಮಧ್ಯಾಹ್ನ ಮೂರಕ್ಕೆ ಹೋದಳು. ಗಿರಾಕಿಗಳಿರಲಿಲ್ಲ. ಅಜ್ಮತ್ ಮರದ ಸ್ಟೂಲಿನ ಮೇಲೆ ಕೂತು ಮೈದಾ ಹಾಳೆ ಕತ್ತರಿಸುತ್ತಿದ್ದ. ಅವಳು ಹೇಳುತ್ತಾ ಹೋದ ಹಾಗೆ ಅವನ ಚಾಕು ನಿಧಾನವಾಯಿತು, ನಿಲ್ಲಲಿಲ್ಲ.

"ಅಂದ್ರೆ ನಮ್ಮ ಸಮೋಸ ತಿಂದು ಯಾರೋ ಸತ್ರಾ?"

"ಇಲ್ಲ ಚಾಚಾ. ಹೊಟ್ಟೆ ಕೆಡಬಹುದು ಅಂತ."

"ಹೊಟ್ಟೆ ಅಂದ್ಮೇಲೆ ಕೆಡತ್ತೆ." ಹಾಳೆಯ ಮೇಲೆ ಹಿಟ್ಟು ಉದುರಿಸಿದ. "ನೀನು ಪೇಪರಲ್ಲಿ ಬರೆಸಿದ ಮೇಲೆ ಇಂದಿರಾನಗರದವರು ಕಾರಲ್ಲಿ ಬರ್ತಾರೆ. ನಮ್ಮ ಓಣಿ ಮಗಳು ಪಾಸ್ ಮಾಡಿದ್ದಾಳೆ ಅಂತ ನಾನೇ ಅವರಿಗೆ ಹೇಳ್ತೀನಿ. ಈಗ ನೀನೇ ಫೇಲ್ ಮಾಡ್ತೀಯಾ?"

"ಗುಡ್ಡೆ ಹಾಕಿ ಇಡಬೇಡಿ, ಕರಿದ ಹಾಗೆ ಕೊಡಿ. ಚಟ್ನಿ ಸ್ವಲ್ಪ ಸ್ವಲ್ಪ ರುಬ್ಬಿ. ಅಷ್ಟೇ ಚಾಚಾ, ಅಷ್ಟು ಮಾಡಿದ್ರೆ ಪಾಸೇ."

"ರಂಜಾನಲ್ಲಿ ಸಂಜೆ ಆರೂವರೆಗೆ ಇನ್ನೂರು ಜನ ಒಟ್ಟಿಗೆ ಕೈ ಚಾಚ್ತಾರೆ. ಕರಿದ ಹಾಗೆ ಕೊಡು ಅಂತೀಯ. ಬಾ, ನೀನು ಕರಿ."

ಅವಳು ಗಾಡಿಯ ಮೇಲಿನ ಖಾಲಿ ಬಾಣಲೆಯನ್ನು ನೋಡಿದಳು.

"ನಾನೇನು ಮೋಸ ಮಾಡಿದ್ನಾ ಬೇಟಾ? ನೀನು ಸಮೋಸ ಕೇಳ್ದೆ, ಕೊಟ್ಟೆ. ಹಳೇದು ಬೇಕು ಅಂತ ಬಾಯಿಬಿಟ್ಟು ಹೇಳಿದ್ರೆ..."

"ಹೇಳಿದ್ರೆ ಕೊಡ್ತಿದ್ರಾ?"

ಅಜ್ಮತ್ ಯೋಚಿಸಿದ. "ಇಲ್ಲ. ನಿನ್ನ ಅಜ್ಜಿ ಆಗ ಬದುಕಿದ್ರು. ಯಾರು ಬೈಗುಳ ತಿಂತಾರೆ."

ಅವಳಿಗೆ ನಗು ಬಂತು, ಅವನಿಗೆ ಬರಲಿಲ್ಲ. ಕಾಗದ ಕೇಳಿದ. ಇಂಗ್ಲಿಷಿನ ಆ ಒಂದು ಸಾಲನ್ನು ಅವಳು ಮನೆಮಾತಿಗೆ ತಿರುಗಿಸಿ ಓದಿದಳು. ಅವನು ಮತ್ತೊಮ್ಮೆ ಓದಿಸಿದ.

"ನನ್ನ ಹೆಸರಿಲ್ಲದೆ ಆಗಲ್ವಾ?"

"ಆಗತ್ತೆ. ಆ ಸಾಲು ತೆಗೆದುಬಿಡಬೇಕು. ಆಗ ನಾನು ಮೊದಲನೇ ಸಲ ಸುಳ್ಳೇ ಬರೆದೆ ಅಂದ್ಕೋತಾರೆ."

"ನನ್ನ ಹೆಸರು ಹಾಕಿದ್ರೆ ನನ್ನ ಸಮೋಸಕ್ಕೆ ಏನಂದ್ಕೋತಾರೆ?"

"ಅದನ್ನ ಕೇಳೋಕೇ ಬಂದೆ. ಬೇಡ ಅಂದ್ರೆ ಬೇಡ ಚಾಚಾ. ನಾನು ಬೇಜಾರು ಮಾಡ್ಕೊಳ್ಳಲ್ಲ."

"ಮಾಡ್ಕೋತೀಯ," ಎಂದ ಅಜ್ಮತ್. ಕತ್ತರಿಸಿದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಒದ್ದೆ ಬಟ್ಟೆ ಮುಚ್ಚಿದ. "ಯಾರು ಓದ್ತಾರೆ ಇದನ್ನ?"

ಅವಳು ಈರೇಶನ ಬಲೆಯನ್ನು ನೆನೆದಳು. ತಪ್ಪಿನ ಕಡೆಗೆ ಓಡಿಬಂದ ಅಷ್ಟೊಂದು ಗೆರೆಗಳು. "ಹೆಚ್ಚು ಜನ ಓದಲ್ಲ. ಹಳೇದನ್ನೇ ಹೇಳ್ಕೊಂಡು ಇರ್ತಾರೆ, ಇನ್ನೂ ಕೆಲವು ವರ್ಷ."

"ಮತ್ತೆ ಯಾಕೆ ಬರೀತೀಯ?"

"ಹಳೇದರ ಮೇಲೆ ನನ್ನ ಹೆಸರಿದೆ. ಮೊದಲನೇದು."

ಅವನು ತಲೆಯೆತ್ತಿ ನೋಡಿದ. "ಓ. ಅಂಗಡಿ ಬೋರ್ಡು ನಿಂದು."

"ಹೂಂ."

"ಅದನ್ನ ಮೊದಲೇ ಹೇಳಬಾರದಾ. ಸೈನ್ಸು ಸೈನ್ಸು ಅಂತ ಒಂದು ಗಂಟೆ." ಕೈಯ ಹಿಟ್ಟನ್ನು ಲುಂಗಿಗೆ ಒರೆಸಿಕೊಂಡ. "ಆದ್ರೆ ಒಂದು ಮಾತು. ಇನ್ನೊಬ್ಬರಿಗೆ ಕೆಟ್ಟದ್ದು ಕೊಟ್ಟೆ ಅಂತ ನಾನು ಹೇಳಲ್ಲ. ಕೊಟ್ಟಿಲ್ಲ. ಇದ್ದದ್ದನ್ನು ಕೊಟ್ಟೆ. ನಿನಗೆ ಮಾತ್ರ ಎದ್ದು ಕರಿದು ಕೊಟ್ಟೆ. ಅಷ್ಟು ಬರಿ, ಅದಕ್ಕೆ ಸಹಿ ಹಾಕ್ತೀನಿ."

ಅಂಬ್ರೀನ್ ಗಾಡಿಯ ಮೂಲೆಯಲ್ಲಿ ಕಾಗದ ಇಟ್ಟು, ಹಳೆಯ ಸಾಲನ್ನು ಹೊಡೆದುಹಾಕಿ ಅವನು ಹೇಳಿದ್ದನ್ನೇ ಬರೆದಳು. ಇಂಗ್ಲಿಷಿನಲ್ಲಿ ಅದು ಒರಟಾಗಿ ಕಂಡಿತು, ಯಾವ ಸಂಪಾದಕರೂ ಮೆಚ್ಚುವಂಥದ್ದಲ್ಲ. ಆದರೆ ಓದಿ ನೋಡಿದಾಗ ಅದರಲ್ಲಿ ತೆಗೆಯುವಂಥ ಒಂದು ಪದವೂ ಇರಲಿಲ್ಲ. ಕೆಳಗೆ ಎಡಗಡೆ ತನ್ನ ಸಹಿ ಹಾಕಿ ಪೆನ್ನು ಕೊಟ್ಟಳು.

ಅಜ್ಮತ್ ಸಾಲಿನ ಬಲತುದಿಯಿಂದ ಶುರು ಮಾಡಿ ಉರ್ದುವಿನಲ್ಲಿ ನಿಧಾನವಾಗಿ ಹೆಸರು ಬರೆದ. ಹೆಸರು ಮುಗಿದ ಮೇಲೂ ಪೆನ್ನು ಎತ್ತಲಿಲ್ಲ. ಅದರ ಪಕ್ಕದಲ್ಲಿ ಇನ್ನೂ ಏನೋ ಸೇರಿಸಿ, ಕಾಗದವನ್ನು ಅವಳ ಕಡೆ ತಿರುಗಿಸಿದ. ಸಮೋಸದವನು, ಮೂವತ್ತು ವರ್ಷದಿಂದ, ಇದೇ ಓಣಿ ಎಂದು ಬರೆದಿದ್ದ.

"ವಿಳಾಸ ಇರಲಿ," ಎಂದ. "ಯಾರಾದರೂ ಓದಿದ್ರೆ ಬಂದು ಕೇಳಲಿ."