ಮತ್ತು ಸಂಗಡಿಗರು

ಗಿಡ್ಡಪ್ಪನವರು ನಾಲ್ಕಾಗಿ ಮಡಚಿ ತಂದಿದ್ದ ಕಾಗದವನ್ನು ಕೌಂಟರಿನ ಮೇಲೆ ಬಿಡಿಸಿ, ಅಂಗೈಯಲ್ಲಿ ಸವರಿದರು. ಕೊಬ್ಬರಿ ವರ್ತಕರು, ಅಭಿನಂದನಾ ಸಮಿತಿಯ ಅಧ್ಯಕ್ಷರು, ಅರಸೀಕೆರೆಯಲ್ಲಿ ಯಾವ ಸಮಾರಂಭ ನಡೆದರೂ ಮುಂದಿನ ಸಾಲಿನ ಸೋಫಾದಲ್ಲಿ ಕಾಣುವ ಮನುಷ್ಯ.

"ಭಾನುವಾರದ್ದು ಕಣಮ್ಮ. ಬೇಗ ಟೈಪ್ ಮಾಡ್ಕೊಡು, ಸಾಯಂಕಾಲಕ್ಕೆ ಪ್ರೆಸ್ಸಿಗೆ ಹೋಗ್ಬೇಕು."

ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ವಾತಿಗೆ ಇದೇ ಕೆಲಸ. ಊರಿನ ಮದುವೆ, ನಾಮಕರಣ, ತಿಥಿ ಎಲ್ಲವೂ ಅವಳ ಬೆರಳ ತುದಿಯಿಂದಲೇ ಹಾದುಹೋಗಿದ್ದವು. ಹದಿನಾಲ್ಕು ಗಣ್ಯರ ಹೆಸರನ್ನು ಅವರವರ ಬಿರುದು ಬಾವಲಿಗಳ ಸಮೇತ ಟೈಪ್ ಮಾಡಿದಳು. ಕೊನೆಯ ಸಾಲು ಬಂತು: "ನಾಡಿನ ಹೆಮ್ಮೆಯ ಗಗನವೀರ ಶ್ರೀ ಚನ್ನೇಶ್ ಮತ್ತು ಸಂಗಡಿಗರಿಗೆ ಸನ್ಮಾನ."

ಬೆರಳು ಅಲ್ಲೇ ನಿಂತಿತು.

"ಸಂಗಡಿಗರು ಅಂದ್ರೆ ಯಾರು ಗಿಡ್ಡಪ್ಪನೋರೆ?"

"ಇನ್ಯಾರಮ್ಮ, ನೀನೇ."

"ನಾನು ಒಬ್ಳೇ ಅಲ್ವಾ? ಇದನ್ನ ಓದಿದ್ರೆ ಡೊಳ್ಳು ಹೊತ್ಕೊಂಡು ಇಪ್ಪತ್ತು ಜನ ಬರ್ತಾರೆ ಅನ್ಸುತ್ತೆ. ಸ್ವಾತಿ ಅಂತ ಹಾಕಿದ್ರೆ ಆಗಲ್ವಾ?"

"ಜಾಗ ಎಲ್ಲೈತಮ್ಮ?"

"ಸಂಗಡಿಗರು ಅಂತ ಐದಕ್ಷರಕ್ಕೆ ಜಾಗ ಐತೆ, ನನ್ನ ಎರಡಕ್ಷರಕ್ಕೆ ಇಲ್ವಾ?"

ಗಿಡ್ಡಪ್ಪನವರು ನಕ್ಕರು. ಚಿಕ್ಕ ಮಕ್ಕಳು ಚಂದಮಾಮ ಬೇಕೆಂದು ಹಟ ಮಾಡಿದಾಗ ದೊಡ್ಡವರು ನಗುವ ಹಾಗೆ. "ಸಂಪ್ರದಾಯ ಕಣಮ್ಮ ಅದು. ಹಂಗೇ ಬರೆಯೋದು."

ಹೇಳಿ, ಇದು ನ್ಯಾಯವೇ? ತನ್ನ ಹೆಸರನ್ನು ನುಂಗಿ ಹಾಕಿದ ಕಾರ್ಡನ್ನು ತಾನೇ ಟೈಪ್ ಮಾಡಿ, ಕಾಗುಣಿತ ತಿದ್ದಿ, ಸುತ್ತ ಹೂಬಳ್ಳಿ ಬಿಡಿಸಿ ಕೊಡಬೇಕು!

ಗಗನವೀರ ಚನ್ನೇಶ್ ಅವಳ ದೊಡ್ಡಪ್ಪನ ಮಗ. ಇಬ್ಬರೂ ಕಣಕಟ್ಟೆಯ ಮರುಳಪ್ಪನವರ ಮೊಮ್ಮಕ್ಕಳು. ಮರುಳಪ್ಪ ವೀರಗಾಸೆ ತಂಡದಲ್ಲಿ ಒಡಪು ಹೇಳುತ್ತಿದ್ದವರು. ಕತ್ತಿ ಹಿಡಿದು ಕುಣಿಯುವವನಿಗೆ ಆವೇಶ ಬರಲೆಂದು ವಾದ್ಯ ನಿಲ್ಲಿಸಿ, ಎದೆ ತುಂಬಿ ಕೂಗಿ ಹೇಳುವ ಹೊಗಳಿಕೆಯೇ ಒಡಪು. ತಾತ ತೀರಿದ ಮೇಲೆ ಅದು ಅಜ್ಜಿ ರುದ್ರಮ್ಮನ ನೆನಪಿನಲ್ಲಿ ಉಳಿಯಿತು. ಅಜ್ಜಿ ಕಥೆ ಹೇಳುವಾಗ ನಡುನಡುವೆ ಹೇಳುತ್ತಿದ್ದಳು. ಕಥೆ ಕೇಳುತ್ತಲೇ ಅನ್ನ ತಿಂದು ಬೆಳೆದ ಸ್ವಾತಿಯ ನಾಲಗೆಗೆ ಅದು ತಾನಾಗಿ ಹತ್ತಿತು.

ಎರಡು ವರ್ಷದ ಹಿಂದೆ ಚನ್ನೇಶ್ ತೋಟದಲ್ಲಿ ಮರದ ಕತ್ತಿ ಹಿಡಿದು ಕುಣಿತ ಕಲಿಯುತ್ತಿದ್ದಾಗ ಇವಳು ತಮಾಷೆಗೆ ಒಂದು ಒಡಪು ಕಟ್ಟಿ ಹೇಳಿದಳು: "ಆಹಾ! ತೆಂಗಿನ ಸುಳಿಯ ಮುಟ್ಟಿ ಬಾರೋ ವೀರ!" ಅವನು ಮುಟ್ಟಿಯೇಬಿಟ್ಟ. ಸರ್ರನೆ ಮೇಲಕ್ಕೆ ಹೋಗಿ ಗರಿಗಳ ನಡುವೆ ತೇಲುತ್ತಾ, "ಇಳಿಸೇ! ನಿನ್ ಕಾಲಿಗ್ ಬೀಳ್ತೀನಿ, ಇಳಿಸೇ!" ಎಂದು ಅರಚಿದ. ಇಳಿಯುವ ಒಡಪು ಅಜ್ಜಿಯ ಯಾವ ಕಥೆಯಲ್ಲೂ ಇರಲಿಲ್ಲ. ಅದನ್ನೂ ಅವಳೇ ಅಲ್ಲಿಯೇ ನಿಂತು ಕಟ್ಟಬೇಕಾಯಿತು.

ಅಂದಿನಿಂದ ಇದೇ ಪಾಡು. ಒಡಪಿನಲ್ಲಿ ಎಷ್ಟು ಹೇಳಿದರೆ ಅಷ್ಟೇ ಬಲ, ಏನು ಹೇಳಿದರೆ ಅದೇ ಕೆಲಸ. ಒಂದು ಮಾತು ಹೆಚ್ಚಾದರೂ ಎಡವಟ್ಟು. ಅವನು ಮೇಲೆ ಹಾರುತ್ತಿದ್ದರೆ ಇವಳು ಕೆಳಗೆ ಸ್ಕೂಟರಿನಲ್ಲಿ, ಎದುರು ಬರುವ ಬಸ್ಸಿಗೆ ಸೈಡು ಕೊಡುತ್ತಾ, ಧೂಳು ನುಂಗುತ್ತಾ, ಹೆಲ್ಮೆಟ್ಟಿನೊಳಗಿಂದ ಕಿರುಚುತ್ತಾ ಹೋಗಬೇಕು. ಜಾವಗಲ್ಲಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಎತ್ತಿದಾಗ ಇವಳ ಗಂಟಲಿನಿಂದ ಮೂರು ದಿನ ಸ್ವರ ಹೊರಡಲಿಲ್ಲ. ಹೂವಿನ ಹಾರ ಬಿದ್ದದ್ದು ಚನ್ನೇಶನ ಕೊರಳಿಗೆ. ಇವಳಿಗೆ ಸಿಕ್ಕಿದ್ದು ಅಜ್ಜಿ ಕಾಸಿ ಕೊಟ್ಟ ಮೆಣಸಿನ ಕಷಾಯ.

ಕಾರ್ಡು ಟೈಪ್ ಮಾಡಿದ ದಿನ ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತಳು. "ಅಜ್ಜಿ, ಕೆರೆ ಏರಿ ಒಡೆದಾಗ ವೀರ ಎದೆಯೊಡ್ಡಿ ನೀರು ತಡೆದ ಅಂತ ಕಥೆ ಹೇಳ್ತೀಯಲ್ಲ, ಅವನಿಗೆ ಬೆಳಗಾಗೋ ತನಕ ಒಡಪು ಹೇಳ್ದೋನ ಹೆಸರೇನು?"

ರುದ್ರಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. "ಅವನ್ ಹೆಸ್ರು ಯಾರಿಗ್ ಬೇಕವ್ವ?"

"ನನಗ್ ಬೇಕು."

ಅಜ್ಜಿ ಇನ್ನೆರಡು ಎಸಳು ಬಿಡಿಸಿದಳು. "ನಮ್ಮವ್ವ ಹೇಳ್ಲಿಲ್ಲ ಕಣೇ," ಎಂದಳು ಕೊನೆಗೆ. ಸ್ವಾತಿಗೆ ಆ ರಾತ್ರಿ ಊಟ ಸೇರಲಿಲ್ಲ. ಇನ್ನು ನೂರು ವರ್ಷಕ್ಕೆ ಯಾವಳೋ ಒಬ್ಬಳು ಚನ್ನೇಶನ ಕಥೆ ಹೇಳುವಾಗ ತನ್ನ ಪಾಲಿಗೂ ಇಷ್ಟೇ ಉಳಿಯುವುದು!

ಶನಿವಾರ ಚನ್ನೇಶ್ ಅವಳನ್ನು ಹಳೇಬೀಡಿಗೆ ಹೊರಡಿಸಿದ. ಸಮಾರಂಭದಲ್ಲಿ ತೋರಿಸಲು ಕೆರೆಯ ಮೇಲೆ ಹಾರುವ ವಿಡಿಯೊ ಬೇಕಂತೆ. ಕೆಂಪು ಕಾಸೆ, ಎದೆಗೆ ಹಿತ್ತಾಳೆಯ ಹಲಗೆ, ಕಣ್ಣಿಗೆ ಕೂಲಿಂಗ್ ಗ್ಲಾಸು. ದಡದ ಮೇಲೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಪ್ಪಣೆ ಕೊಡಿಸಿದ: "ನೀನು ಆ ಮರದ ಹಿಂದೆ ನಿಂತ್ಕೊ. ಫ್ರೇಮಲ್ಲಿ ಬರ್ಬೇಡ. ನಿನ್ ವಾಯ್ಸ್ ತೆಗ್ದು ಮ್ಯೂಸಿಕ್ ಹಾಕ್ತೀನಿ."

"ಅಣ್ಣ, ಆ ವಾಯ್ಸ್ ಇಲ್ಲಾಂದ್ರೆ ನೀನು ಮೇಲೇಳೋದೇ ಇಲ್ಲ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಊರಿಗೆಲ್ಲಾ ಯಾಕ್ ಸಾರ್ಬೇಕು?"

ಅವಳು ಹಲ್ಲು ಕಚ್ಚಿ ಮರದ ಹಿಂದೆ ನಡೆದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮಕ್ಕಳ ಚೀರಾಟ ಕೇಳಿತು. ಶಾಲಾ ಪ್ರವಾಸದ ಮಿನಿ ಬಸ್ಸೊಂದರ ಡ್ರೈವರು ಟೀ ಕುಡಿಯಲು ಇಳಿದಿದ್ದ. ಬಸ್ಸು ತಾನಾಗಿ ಉರುಳಿ, ಇಳಿಜಾರು ದಾಟಿ, ಮುಂದಿನ ಎರಡು ಚಕ್ರಗಳನ್ನು ಕೆರೆಗೆ ಇಳಿಸಿಬಿಟ್ಟಿತ್ತು. ಬಾಗಿಲು ಇದ್ದದ್ದು ಮುಂದುಗಡೆ. ಅಲ್ಲಿಂದ ನೀರು ನುಗ್ಗುತ್ತಿತ್ತು. ಮಕ್ಕಳು ಹಿಂದಿನ ಸೀಟುಗಳ ಮೇಲೆ ಹತ್ತಿ ಗಾಜು ಬಡಿಯುತ್ತಿದ್ದವು.

ಸ್ವಾತಿ ಮರ ಬಿಟ್ಟು ಓಡಿದಳು. "ಆಹಾ! ಬಂಡೆಯಂತೆ ನಿಲ್ಲೋ ವೀರ, ಬಸ್ಸ ಹಿಂದಕೆ ಎಳೆಯೋ ಚನ್ನೇಶ!"

ಚನ್ನೇಶ್ ಓಡಿ ಬಂದು ಹಿಂದಿನ ಬಂಪರ್ ಹಿಡಿದ. ಬಸ್ಸು ಒಂದು ಮೊಳ ಹಿಂದಕ್ಕೆ ಬಂತು. ಇನ್ನು ನಾಲ್ಕು ಎಳೆತಕ್ಕೆ ಮಕ್ಕಳು ದಡದಲ್ಲಿರುತ್ತಿದ್ದವು. ಆದರೆ ಅವನ ಕಣ್ಣು ಮೊಬೈಲಿನ ಕಡೆ ಹೊರಳಿತು. ಒಂದು ಕೈಯಲ್ಲಿ ಬಸ್ಸು ಹಿಡಿದು ಇನ್ನೊಂದರಲ್ಲಿ ಕೂದಲು ಸರಿಮಾಡಿಕೊಂಡ.

"ಸಪ್ಪೆ ಆಯ್ತು ಕಣೇ! ಸಿಡಿಲು ಗಿಡಿಲು ಅಂತ ಏನಾದ್ರೂ ಸೇರ್ಸು!"

"ಅಣ್ಣ, ಸುಮ್ನೆ ಎಳಿ! ಒಡಪು ಕೆಡುತ್ತೆ!"

"ವೀರ ನಾನೋ ನೀನೋ? ಹೇಳ್ದಷ್ಟು ಹೇಳು! ಇಲ್ಲಾಂದ್ರೆ ಬಿಟ್ಬಿಡ್ತೀನಿ ನೋಡು!"

ಬಸ್ಸು ಹಿಡಿದಿದ್ದ ಬೆರಳನ್ನು ಅವನು ನಿಜವಾಗಿಯೂ ಸಡಿಲಿಸಿದ. ಮಕ್ಕಳು ಮತ್ತೆ ಚೀರಿದವು. ಬೇರೆ ದಾರಿ ಕಾಣದೆ ಅವಳು ಸಿಡಿಲನ್ನು ಸೇರಿಸಿ ಹೇಳಿದಳು. ಸಿಡಿಲಿಗೆ ಬಸ್ಸು ಎಳೆಯುವುದು ಗೊತ್ತೇ? ಫಳ್ ಎಂದು ಮುಗಿಲಿಗೆ ನೆಗೆದ ಚನ್ನೇಶ್, ಅಷ್ಟೇ ರಭಸದಲ್ಲಿ ಕೆರೆಯಂಚಿನ ಜೊಂಡಿಗೆ ಬಡಿದು, ತಲೆಕೆಳಗಾಗಿ ಕೆಸರಿನಲ್ಲಿ ನಾಟಿಕೊಂಡ. ಬಸ್ಸು ಮತ್ತೆ ಜಾರತೊಡಗಿತು.

ಜಾರುತ್ತಿದ್ದ ಬಸ್ಸಿನ ಬಂಪರನ್ನು ಆಗಲೇ ಒಬ್ಬ ಹೆಂಗಸು ಹಿಡಿದಾಗಿತ್ತು. ರಸ್ತೆ ಬದಿಯಲ್ಲಿ ಸೌತೆಕಾಯಿ ಹೆಚ್ಚಿ, ಉಪ್ಪು ಖಾರ ಸವರಿ ಮಾರುತ್ತಿದ್ದವಳು. ಬುಟ್ಟಿ ಎಸೆದು ಬಂದು, ಹಿಮ್ಮಡಿ ನೆಲಕ್ಕೆ ಕೊಟ್ಟು ನಿಂತಿದ್ದಳು. ಅರವತ್ತರ ಮೈ, ಕಡ್ಡಿಯಂಥ ತೋಳು. ಆ ತೋಳಿಗೆ ಬಸ್ಸು ನಿಲ್ಲುವುದಿಲ್ಲವೆಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೂ ಬಿಟ್ಟಿರಲಿಲ್ಲ.

ಸ್ವಾತಿ ಅವಳ ಪಕ್ಕಕ್ಕೆ ಓಡಿದಳು. "ಅಮ್ಮಾ, ನಿಮ್ಮ ಹೆಸರೇನು?"

"ಹೆಸ್ರು ಕಟ್ಕೊಂಡು ಏನ್ ಮಾಡ್ತೀಯವ್ವ? ಬಂದು ಹಿಡ್ಕಾ!"

"ಹೆಸರು ಬೇಕಮ್ಮಾ! ಹೇಳಿ!"

"ಲಕ್ಕಮ್ಮ ಕಣವ್ವೋ!"

ಹೆಂಗಸಿಗೆ ಒಡಪು ಹೇಳಿದ್ದನ್ನು ಸ್ವಾತಿ ಕೇಳಿರಲಿಲ್ಲ. ಅಜ್ಜಿಯ ಕಥೆಗಳಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನೇ ಕಟ್ಟಿದಳು.

"ಆಹಾ! ಬಿಸಿಲ ತಲೆಮೇಲೆ ಹೊತ್ತವಳೇ,
ಬುಟ್ಟಿ ಭಾರಕ್ಕೆ ಕತ್ತು ಬಗ್ಗಿಸದವಳೇ,
ಹಳೇಬೀಡಿನ ಲಕ್ಕಮ್ಮಾ!
ಹಿಡಿದದ್ದ ಬಿಡಬೇಡ, ಹೆಜ್ಜೆ ತಪ್ಪಬೇಡ,
ಮಕ್ಕಳ ದಡಕ್ಕೆ ತಾರವ್ವಾ!"

ಲಕ್ಕಮ್ಮ ಸೆರಗು ಸಿಕ್ಕಿಸಿದಳು. ಮೊಂಡು ಹಿಡಿದ ಎಮ್ಮೆಯನ್ನು ಕೊಟ್ಟಿಗೆಗೆ ಎಳೆಯುವ ಹಾಗೆ, ಬೈಯುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ನೀರು ಸುರಿಸುತ್ತಿದ್ದ ಬಸ್ಸನ್ನು ರಸ್ತೆಗೆ ತಂದು ನಿಲ್ಲಿಸಿದಳು. ಚಕ್ರಕ್ಕೆ ಕಲ್ಲು ಕೊಟ್ಟಳು. ಮಕ್ಕಳನ್ನು ತಲೆ ಮುಟ್ಟಿ ಮುಟ್ಟಿ ಇಳಿಸಿದಳು. ಆಮೇಲೆ ತಿರುಗಿದಳು.

"ಯಾವನ್ಲಾ ಇದ್ರ ಡ್ರೈವರು?"

ಟೀ ಲೋಟ ಹಿಡಿದು ಓಡಿಬಂದವನ ಕೆನ್ನೆಗೆ ಅವಳ ಕೈ ಎದ್ದಿತು. ಸ್ವಾತಿ ಗಾಬರಿಯಿಂದ ಇಳಿಯುವ ಒಡಪು ಹೇಳಿ ಮುಗಿಸಿದಳು. ಇಲ್ಲದಿದ್ದರೆ ಆ ಏಟಿಗೆ ಅವನು ಬೇಲೂರಿಗೆ ಹೋಗಿ ಬೀಳುತ್ತಿದ್ದ. ಆದರೂ ಏಟು ಚೆನ್ನಾಗಿಯೇ ಕೇಳಿಸಿತು.

ಅಂದರೆ ಬಲ ಚನ್ನೇಶನದಲ್ಲ! ಎಂದೂ ಆಗಿರಲಿಲ್ಲ! ಎರಡು ವರ್ಷ ಅವನ ಚಪ್ಪಲಿ, ಕನ್ನಡಕ, ನೀರಿನ ಬಾಟಲಿ ಹೊತ್ತು ತಿರುಗಿದ್ದನ್ನು ನೆನೆದು ಸ್ವಾತಿಯ ಕಿವಿ ಬಿಸಿಯಾಯಿತು. ಜೊಂಡಿನಿಂದ ಅವನನ್ನು ಎಳೆದು ತೆಗೆದದ್ದೂ ಆ ಇಬ್ಬರು ಹೆಂಗಸರೇ. ಬಾಯಿಯ ಕೆಸರು ಉಗಿದು ಅವನಾಡಿದ ಮೊದಲ ಮಾತು: "ರೆಕಾರ್ಡ್ ಆಯ್ತಾ?"

ಸಂಜೆಯ ಸುದ್ದಿಯಲ್ಲಿ ಬಂದದ್ದು ಇಷ್ಟು: "ಗಗನವೀರ ಚನ್ನೇಶ್ ಮತ್ತು ಸಂಗಡಿಗರಿಂದ ಮಕ್ಕಳ ರಕ್ಷಣೆ. ಸ್ಥಳೀಯ ಮಹಿಳೆಯೊಬ್ಬರು ನೆರವಾದರು." ಸ್ವಾತಿ ಗಿಡ್ಡಪ್ಪನವರಿಗೆ ಫೋನು ಮಾಡಿದಳು. "ಕಾರ್ಡು ಹಂಚಿ ಆಯ್ತು ಕಣಮ್ಮ," ಎಂದರು ಅವರು. "ನಾಳೆ ಅವನು ಮಹಡಿ ಮೇಲಿಂದ ವೇದಿಕೆಗೆ ಹಾರಿ ಬರ್ತಾನೆ. ನೀನು ಹಿಂದ್ಗಡೆ ಜನರೇಟರ್ ಹತ್ರ ನಿಂತ್ಕೊಂಡು ಹೇಳು. ಸದ್ದು ಜಾಸ್ತಿ ಅಂತ ನಿಂಗೇ ಬೇರೆ ಮೈಕ್ ಕೊಡಿಸ್ತೀನಿ, ಆಯ್ತಾ?"

"ಆಯ್ತು," ಎಂದಳು ಸ್ವಾತಿ. ಆಮೇಲೆ ಲಕ್ಕಮ್ಮನಿಗೆ ಫೋನು ಮಾಡಿದಳು.

ಭಾನುವಾರ ಮೈದಾನ ತುಂಬಿತ್ತು. ಶಾಮಿಯಾನದವರ ಬಿದಿರೇಣಿ ಹತ್ತಿ ಚನ್ನೇಶ್ ಪಕ್ಕದ ಎರಡಂತಸ್ತಿನ ಮಹಡಿಯ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಗಿಡ್ಡಪ್ಪನವರು ಘೋಷಿಸಿದರು, ವಾದ್ಯ ಮೊಳಗಿ ನಿಂತಿತು. ಸಾವಿರ ಮುಖಗಳು ಮೇಲಕ್ಕೆದ್ದವು. ಒಡಪು ಬರಲಿಲ್ಲ. ಬಂದದ್ದು ಮೈಕ್ ಹಿಡಿದ ಸ್ವಾತಿ, ಜನರೇಟರ್ ಹಿಂದಿನಿಂದ ನೇರ ವೇದಿಕೆಗೆ.

"ಚನ್ನೇಶಣ್ಣಾ, ಎರಡು ವರ್ಷ ನಿನ್ ಹೆಸರು ನಾನು ಕೂಗಿದ್ದೀನಿ. ಇವತ್ತು ನನ್ ಹೆಸರು ನೀನು ಕೂಗು."

"ಏಯ್, ತಮಾಷೆ ಮಾಡ್ಬೇಡ್ವೇ, ಜನ ನೋಡ್ತಾವ್ರೆ!"

"ನೋಡ್ಲಿ ಅಂತಾನೇ."

ಗಿಡ್ಡಪ್ಪನವರು ಮೈಕ್ ಕಸಿಯಲು ಬಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಲಕ್ಕಮ್ಮ ಸುಮ್ಮನೆ ಎದ್ದು ನಿಂತಳು. ನಿನ್ನೆಯ ಕೆನ್ನೆಯ ಸಮಾಚಾರ ಅರಸೀಕೆರೆಗೂ ಬಂದಿತ್ತೇನೋ, ಅವರು ತಟ್ಟನೆ ಕೂತರು.

ಮಹಡಿಯಿಂದ ಸಣ್ಣಗೆ ಏನೋ ಕೇಳಿತು.

"ಕೇಳ್ಸಲ್ಲ ಕಣ್ಲಾ!" ಎಂದಳು ಅಜ್ಜಿ ರುದ್ರಮ್ಮ, ಕುರ್ಚಿಯ ಮೇಲೆ ಹತ್ತಿ ನಿಂತು. "ನಿಮ್ ತಾತ ಕೂಗಿದ್ರೆ ಜಾವಗಲ್ಲಿಗೆ ಕೇಳೋದು!"

"ಸ್ವಾತೀ!"

"ಏನ್ ಮಾಡ್ತಾಳೆ ಅವಳು?" ಸ್ವಾತಿಯೇ ಕೇಳಿದಳು.

"ಒಡಪು... ಒಡಪು ಹೇಳ್ತಾಳೆ! ಅವಳು ಹೇಳಿದ್ರೇನೇ ನಾನು ಹಾರೋದು!"

"ನಿನ್ನೆ ಬಸ್ಸು ಎಳೆದೋರು ಯಾರು?"

"ಲಕ್ಕಮ್ಮಾ!"

"ಆಗ ನೀನೆಲ್ಲಿದ್ದೆ?"

ಸೊಂಟದ ಮೇಲಿದ್ದ ಕೈ ಕೆಳಗಿಳಿಯಿತು. "ಜೊಂಡಲ್ಲಿ," ಎಂದ ಚನ್ನೇಶ್. ಮೈದಾನಕ್ಕೆ ಮೈದಾನವೇ ನಕ್ಕಿತು. ಅವನ ಗಂಟಲು ಒಡೆದಿತ್ತು. "ಹೇಳಿದ್ನಲ್ಲೇ! ಈಗ್ಲಾದ್ರೂ ಹಾರ್ಸೇ!"

"ಇವತ್ತು ನನ್ ಗಂಟ್ಲಿಗೆ ರಜ. ಏಣಿ ಐತೆ, ಇಳಿದು ಬಾ."

ಗಗನವೀರ ಏಣಿಗೆ ಕಾಲಿಟ್ಟ. ಬಿದಿರು ಓಲಾಡಿತು. ಜನ ನಗುವುದರಲ್ಲೇ ಇದ್ದರು, ಹಿಡಿಯಲು ಒಬ್ಬರೂ ಬರಲಿಲ್ಲ. ಸ್ವಾತಿಯ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಆದರೂ ಹೋಗಿ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಅರ್ಧ ಇಳಿದವನು ಕೆಳಗೆ ಬಗ್ಗಿ ಪಿಸುಗುಟ್ಟಿದ: "ಬುಧವಾರ ಬೇಲೂರಲ್ಲಿ ಒಂದು ಪ್ರೋಗ್ರಾಂ ಒಪ್ಕೊಂಡಿದ್ದೀನಿ ಕಣೇ. ಬರ್ತೀಯ ತಾನೆ?"

"ಮೊದ್ಲು ಲಕ್ಕಮ್ಮನ್ನ ಕೇಳ್ತೀನಿ. ಅವರಿಗೆ ಬಿಡುವಿಲ್ಲ ಅಂದ್ರೆ ನಿನ್ ವಿಷ್ಯ ನೋಡಣ. ನೋಡ್ಕೊಂಡು ಕಾಲಿಡು, ಅಲ್ಲೊಂದು ಮೆಟ್ಲು ಮುರಿದೈತೆ."