ಮೈನಸ್ ಬಿಟ್ಟ ಚೀಟಿ

ಲಸಿಕೆ ಉಗ್ರಾಣದ ಹೊಸ ಮೇಲ್ವಿಚಾರಕಿಗೆ ಮೈನಸ್ ಗುರುತು ಕಂಡರೆ ಆಗುತ್ತಿರಲಿಲ್ಲ. ಫ್ರೀಜರಿನಲ್ಲಿ ಇರುವುದೆಲ್ಲ ಮೈನಸ್ಸೇ, ಅದನ್ನು ದಿನಕ್ಕೆರಡು ಸಲ ಯಾವ ಪುರುಷಾರ್ಥಕ್ಕೆ ಬರೆಯಬೇಕು? ಮೇಲಿನವರ ಪತ್ರದಲ್ಲಿ 'ಉಷ್ಣತೆ −20ಕ್ಕಿಂತ ಕಡಿಮೆ ಇರಲಿ' ಎಂದಿತ್ತು. ಆಕೆ ಫ್ರೀಜರಿನ ಬಾಗಿಲಿಗೆ ಚೀಟಿ ಅಂಟಿಸಿದಳು: '20ಕ್ಕಿಂತ ಕಡಿಮೆ ಇರಬೇಕು.' ಮೀಟರು ತೋರಿಸುತ್ತಿದ್ದ −22 ಆಕೆಯ ಲೆಕ್ಕದಲ್ಲಿ ಬರೀ 22. ಹಳಬರ ಅಸಡ್ಡೆಗೆ ಗೊಣಗುತ್ತ ತಾನೇ ಗುಂಡಿ ತಿರುಗಿಸಿ 16ಕ್ಕೆ ತಂದಳು. ಹತ್ತು ದಿನ ಪುಸ್ತಕದಲ್ಲಿ 16, 15, 17 ಎಂದು ಬರೆದು ಠೀವಿಯಿಂದ ಸಹಿ ಹಾಕಿದಳು.

ಶನಿವಾರ ಬೆಳಗ್ಗೆ ಮಗಳು ಬೀಜಗಣಿತ ಹರಡಿಕೊಂಡು ಮುಖ ಗಂಟು ಹಾಕಿ ಕೂತಿದ್ದಳು.

"ಅಮ್ಮಾ, ಮೂರು ಐದಕ್ಕಿಂತ ಕಡಿಮೆ. ಎರಡೂ ಕಡೆ ಮೈನಸ್ ಒಂದರಿಂದ ಗುಣಿಸಿದ್ರೆ ಕಡಿಮೆ ಇದ್ದದ್ದು ಜಾಸ್ತಿ ಯಾಕಾಗುತ್ತೆ?"

"ಎರಡೂ ಕಡೆ ಒಂದೇ ಕೆಲಸ ಮಾಡಿದ್ಮೇಲೆ ಚಿಹ್ನೆ ಯಾಕೆ ತಿರುಗಬೇಕು? ನಿಮ್ಮ ಮೇಷ್ಟ್ರು ಸುಮ್ನೆ ತಲೆ ತಿಂತಾರೆ."

ಮಗಳು ಬಿಡುವವಳಲ್ಲ. ಗೆರೆ ಎಳೆದು ನಡುವೆ ಸೊನ್ನೆ ಇಟ್ಟಳು.

"ಬಲಗಡೆ ಮೂರು, ಅದರಾಚೆ ಐದು. ಈಗ ಎರಡನ್ನೂ ಸೊನ್ನೆಯ ಎಡಕ್ಕೆ ಮಗುಚ್ತೀನಿ. ದೂರ ಇದ್ದ ಐದು ಇಲ್ಲೂ ದೂರಾನೇ ಹೋಯ್ತು. ಎಡಕ್ಕೆ ಹೋದಷ್ಟೂ ಚಿಕ್ಕದು ತಾನೆ? ಅದಕ್ಕೇ ಮೈನಸ್ ಐದು ಮೈನಸ್ ಮೂರಕ್ಕಿಂತ ಚಿಕ್ಕದು. ಓ, ಹೀಗಾ."

ತಾಯಿ ಲೋಟ ಕೆಳಗಿಟ್ಟಳು. ಅದೇ ಗೆರೆಯ ಮೇಲೆ −20 ಬರೆದು, ಅದರ ಬಲಕ್ಕೆ −16 ಬರೆದಳು. ಬಲಕ್ಕೆ ಅಂದರೆ ಜಾಸ್ತಿ. ಜಾಸ್ತಿ ಅಂದರೆ ಬೆಚ್ಚಗೆ. ಮೈನಸ್ ಅಳಿಸಿದವಳು 'ಕಡಿಮೆ'ಯನ್ನೂ 'ಹೆಚ್ಚು' ಎಂದು ತಿದ್ದಬೇಕಿತ್ತು. ಕೆಟ್ಟ ಲಸಿಕೆ ಮಕ್ಕಳನ್ನು ಕೊಲ್ಲುವುದಿಲ್ಲ, ಆದರೆ ರೋಗದಿಂದ ಕಾಯುವುದೂ ಇಲ್ಲ. ಆ ಸೀಸೆಗಳು ನಿನ್ನೆಯೇ ಶಿಬಿರಕ್ಕೆ ಹೋಗಿದ್ದವು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ನಾಚಿಕೊಂಡೇ ಶಿಬಿರದ ನರ್ಸಿಗೆ ಫೋನು ಮಾಡಿದಳು.

"ಸಿಸ್ಟರ್, ಹನಿ ಹಾಕೋದು ನಿಲ್ಲಿಸಿ. ಫ್ರೀಜರ್ ಹತ್ತು ದಿನದಿಂದ ಬೆಚ್ಚಗಿತ್ತು. ತಪ್ಪು ನಂದೇ."

ಅತ್ತ ನರ್ಸ್ ಪಟ್ಟಿ ತಿರುವಿ ಹೆಸರು ಎಣಿಸುವುದು ಕೇಳಿಸಿತು.

"ಮೂವತ್ತೊಂದು ಮಕ್ಕಳಿಗೆ ಹಾಕಾಯ್ತಲ್ಲ ಮೇಡಂ. ಬೆಚ್ಚಗಿದ್ರೆ ಕೆಟ್ಟುಹೋಗುತ್ತೆ ಅಂತ ಹೆದರಿ ಕೆಲವರು ಬಂದೇ ಇರ್ಲಿಲ್ಲ. ಉಗ್ರಾಣದಲ್ಲಿ ಹೊಸ ಮೇಡಂ ಬಂದಿದಾರೆ, ದಿನಾ ತಾವೇ ನೋಡಿ ಸಹಿ ಹಾಕ್ತಾರೆ ಅಂತ ನಾನೇ ಮನೆಮನೆಗೆ ಹೋಗಿ ಕರ್ಕೊಂಡು ಬಂದೆ. ಈಗ ಅವರಿಗೆ ಏನು ಹೇಳ್ಲಿ?"

"ನೀವು ಏನೂ ಹೇಳ್ಬೇಡಿ," ಎಂದಳು. "ಆ ಮನೆಗಳನ್ನ ನನಗೆ ತೋರಿಸಿ. ನಾನೇ ಹೋಗ್ತೀನಿ."